ಸತ್ತು ಮರಳುವ ನಾಯಕರೆಲ್ಲ ಕ್ರಿಸ್ತನ ನೆರಳೇ?

ಪರ

ಪಾಶ್ಚಾತ್ಯರ ಜನಪ್ರಿಯ ಕಥೆಗಳಲ್ಲಿ ಪರರಿಗಾಗಿ ಪ್ರಾಣ ಕೊಟ್ಟು ಮತ್ತೆ ಎದ್ದುಬರುವ ನಾಯಕ ಕಂಡಾಗಲೆಲ್ಲ ಶಿಲುಬೆಯನ್ನು ನೆನೆಯುವುದು ಭಕ್ತರ ಚಪಲವೆಂದು ನಗುವವರಿದ್ದಾರೆ. ಅವರು ನಗಲಿ. ಶತಮಾನಗಳ ಕಾಲ ಪ್ರತಿ ವಸಂತದಲ್ಲೂ ಒಂದೇ ಮರಣ, ಒಂದೇ ಪುನರುತ್ಥಾನದ ಕಥೆಯನ್ನು ಕೇಳಿ, ಹಾಡಿ, ಗೋಡೆಯ ಮೇಲೆ ಬರೆದು ಬೆಳೆದ ನಾಡುಗಳಲ್ಲಿ ಕಥೆಗಾರನ ಮನಸ್ಸು ಆ ಕಥೆಯ ಜಾಡನ್ನು ಅರಿತೋ ಅರಿಯದೆಯೋ ಹಿಡಿಯುವುದು ಸಹಜವಾಗಿದ್ದು, ಅದನ್ನು ಕಾಣಲಾರೆನೆಂದು ಹಟ ಹಿಡಿಯುವುದೇ ಅಸಹಜ.

ಕೆಲವೆಡೆಯಂತೂ ಹುಡುಕುವ ಶ್ರಮವೇ ಬೇಡ. ಸಿ. ಎಸ್. ಲೂಯಿಸ್ 1950ರಲ್ಲಿ ಪ್ರಕಟಿಸಿದ ನಾರ್ನಿಯ ಎಂಬ ಮಕ್ಕಳ ಕಥಾಮಾಲೆಯ ಮೊದಲ ಕಥೆಯಲ್ಲಿ ಆಸ್ಲನ್ ಎಂಬ ಸಿಂಹ, ಒಡಹುಟ್ಟಿದವರಿಗೇ ದ್ರೋಹ ಬಗೆದ ಎಡ್ಮಂಡ್ ಎಂಬ ಹುಡುಗನ ಬದಲಿಗೆ ತಾನು ಸಾಯಲು ಒಪ್ಪುತ್ತದೆ. ವೈರಿಗಳು ಅದರ ಕೇಸರವನ್ನು ಬೋಳಿಸಿ, ಬಾಯಿಗೆ ಕುಕ್ಕೆ ಕಟ್ಟಿ, ಗೇಲಿ ಮಾಡಿ, ಕಲ್ಲಿನ ಮೇಜಿನ ಮೇಲೆ ಕೊಲ್ಲುತ್ತಾರೆ. ಬೆಳಗಾಗುವಾಗ ಜೀವಂತವಾಗಿ ಎದ್ದು ನಿಂತ ಅದನ್ನು ಮೊದಲು ಕಾಣುವವರು, ರಾತ್ರಿಯೆಲ್ಲ ಅತ್ತ ಇಬ್ಬರು ಹುಡುಗಿಯರು. 2007ರಲ್ಲಿ ಬಂದ ಹ್ಯಾರಿ ಪಾಟರ್‌ನ ಕೊನೆಯ ಸಂಪುಟದಲ್ಲಿ ಹ್ಯಾರಿ ತನ್ನವರ ಪ್ರಾಣ ಉಳಿಸಲು ಎದುರು ಹೋರಾಡದೆ ಸಾವಿನ ಕಡೆಗೆ ನಡೆಯುತ್ತಾನೆ. ಅವನ ತಂದೆತಾಯಿಯ ಸಮಾಧಿಯ ಮೇಲೆ ಕೆತ್ತಿರುವುದು ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರದ ಸಾಲು. ಕ್ರೈಸ್ತ ಸಾಮ್ಯಗಳು ತಮಗೆ ಮೊದಲಿನಿಂದಲೂ ಸ್ಪಷ್ಟವಾಗಿದ್ದವೆಂದು ಲೇಖಕಿ ರೌಲಿಂಗ್ ಅವರೇ ಅದೇ ವರ್ಷ ಹೇಳಿದರು. ಇನ್ನೂ ಯಾರ ಸಾಕ್ಷಿ ಬೇಕು?

ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದವರು ಯಹೂದಿ ಯುವಕರಲ್ಲವೇ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಯೇಸುಸ್ವಾಮಿಯೂ ಯಹೂದಿಯೇ. 1978ರ ಚಲನಚಿತ್ರದಲ್ಲಿ ತಂದೆ ತನ್ನ ಏಕೈಕ ಪುತ್ರನನ್ನು ಮಾನವರ ಬಳಿಗೆ ಕಳುಹಿಸಿದ್ದೇನೆ ಎನ್ನುತ್ತಾನೆ; 2013ರ ಚಿತ್ರದಲ್ಲಿ 33 ವರ್ಷದ ನಾಯಕ ಇಗರ್ಜಿಯಲ್ಲಿ ಪಾದ್ರಿಯ ಮುಂದೆ ತನ್ನ ಸಂಕಟ ತೋಡಿಕೊಳ್ಳುವಾಗ ಬೆನ್ನ ಹಿಂದಿನ ಬಣ್ಣದ ಗಾಜಿನಲ್ಲಿ, ಯೇಸುಸ್ವಾಮಿ ಸೆರೆಯಾಗುವ ಮುನ್ನ ಗೆತ್ಸೆಮನೆ ತೋಟದಲ್ಲಿ ಮಾಡಿದ ಪ್ರಾರ್ಥನೆಯ ಚಿತ್ರವಿದೆ.

ಆದರೆ ನನ್ನನ್ನು ಪೂರ್ತಿ ಒಪ್ಪಿಸಿದ್ದು ಬ್ರ್ಯಾಡ್ ಬರ್ಡ್ 1999ರಲ್ಲಿ ನಿರ್ದೇಶಿಸಿದ ಐರನ್ ಜೈಂಟ್ ಎಂಬ ಆನಿಮೇಷನ್ ಚಿತ್ರ, ಅಥವಾ ಅದನ್ನು ನೋಡಿದ ಮಕ್ಕಳು. ನಮ್ಮ ಧರ್ಮಕೇಂದ್ರದಲ್ಲಿ ಬಲಿಪೂಜೆಯ ನಂತರ ನಾನು ಧರ್ಮೋಪದೇಶ ಕಲಿಸುವ ಮಕ್ಕಳಿಗೆ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಭಾನುವಾರ ಆ ಚಿತ್ರ ತೋರಿಸಿದ್ದೆ. ಊರಿನ ಮೇಲೆ ಬೀಳಲಿರುವ ಅಣುಕ್ಷಿಪಣಿಗೆ ಎದುರಾಗಿ ಆ ಕಬ್ಬಿಣದ ದೈತ್ಯ ಹಾರಿಹೋಗಿ ಆಕಾಶದಲ್ಲಿ ಸಿಡಿದಾಗ ಇಡೀ ಕೋಣೆ ಸ್ತಬ್ಧವಾಗಿತ್ತು. ದೀಪ ಹಾಕಿದ್ದೇ ತಡ, ಹಿಂದಿನ ಬೆಂಚಿನ ಹುಡುಗನೊಬ್ಬ ಕೈಯೆತ್ತಿದ. "ಟೀಚರ್, ರೈಲು ಗುದ್ದಿ ಚೂರಾದಾಗಲೂ ಅವನ ಭಾಗಗಳೆಲ್ಲ ತಾವಾಗಿ ಬಂದು ಕೂಡಿಕೊಂಡವಲ್ಲ, ಈಗಲೂ ಕೂಡಿಕೊಳ್ಳುತ್ತವೆ ಅಂತ ಅವನಿಗೆ ಗೊತ್ತಿತ್ತು. ಮತ್ತೆ ಇದರಲ್ಲಿ ತ್ಯಾಗ ಏನು ಬಂತು?" ಮುಂದಿನ ಸಾಲಿನ ಹುಡುಗಿ ತಿರುಗಿ ಕೂತು, "ರೈಲೂ ಬಾಂಬೂ ಒಂದೇನೋ? ಬಾಂಬಿಗೂ ಸರಿಹೋಗ್ತೀಯ ಅಂತ ಅವನಿಗೆ ಯಾರು ಹೇಳಿದ್ರು?" ಎಂದಳು. ಅಲ್ಲಿಂದ ತರಗತಿ ಎರಡು ಪಕ್ಷವಾಯಿತು.

ಹುಡುಗ ಕೇಳಿದ್ದು ದೈವಶಾಸ್ತ್ರದ ಹಳೆಯ ಪ್ರಶ್ನೆಯನ್ನೇ. ಮಾರ್ಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ತಾವು ಮೂರನೆಯ ದಿನ ಏಳುವುದನ್ನು ಮೂರು ಬಾರಿ ಮುಂಚಿತವಾಗಿ ತಿಳಿಸಿದ್ದಾರೆ. ಆದರೂ ಗೆತ್ಸೆಮನೆಯಲ್ಲಿ ಈ ಕಷ್ಟದ ಪಾತ್ರೆಯನ್ನು ನನ್ನಿಂದ ದೂರಮಾಡೆಂದು ತಂದೆಯನ್ನು ಬೇಡುತ್ತಾರೆ. ಮರಳುವೆನೆಂದು ಬಲ್ಲವನಿಗೂ ಸಾವು ಸಾವೇ ಎಂಬುದನ್ನು ಹೇಳಲು ಹಿಂದಿನ ಎಷ್ಟೋ ಪಾಠಗಳಲ್ಲಿ ನಾನು ಹೆಣಗಾಡಿದ್ದೆ. ಅಂದು ಪೋಷಕರು ಅಂಗಳದಲ್ಲಿ ಕಾಯುತ್ತ ನಿಂತರೂ ಮಕ್ಕಳು ಆ ಚರ್ಚೆ ಬಿಟ್ಟು ಏಳಲಿಲ್ಲ. ಇಂಥ ಓದಿನಿಂದ ಕಥೆ ಬಡವಾಗುತ್ತದೆಂದು ವಾದಿಸುವವರು ಒಮ್ಮೆ ಆ ಹಿಂದಿನ ಬೆಂಚಿನಲ್ಲಿ ಬಂದು ಕೂರಬೇಕು.

ವಿರೋಧ

ವಿರೋಧದ ಪಕ್ಷವನ್ನು ಸಂಪಾದಕರು ನನಗೆ ವಹಿಸಿದ್ದಾರೆ. ಆಸ್ಲನ್‌ನ ವಿಷಯದಲ್ಲಿ ವಿರೋಧಿಸಲು ನನ್ನ ಬಳಿ ಏನೂ ಇಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಲೂಯಿಸ್ ತಮ್ಮ ಸಿಂಹ ಯಾರೆಂಬುದನ್ನು ಬಚ್ಚಿಟ್ಟವರಲ್ಲ. ಲಾರ್ಡ್ ಆಫ್ ದ ರಿಂಗ್ಸ್ ಬರೆದ ಟೋಲ್ಕಿನ್ ಮಾತ್ರ ರೂಪಕಕಥೆಯೆಂದರೆ ತಮಗೆ ಆಗದೆಂದು ಅದರ ಮುನ್ನುಡಿಯಲ್ಲೇ ಬರೆದರು. ಅವರ ಕಥೆಯಲ್ಲಿ ಉಂಗುರ ನಾಶವಾಗುವ ಮಾರ್ಚ್ 25, ಮರಿಯಮ್ಮನಿಗೆ ದೇವದೂತ ಸಂದೇಶ ತಂದ ಹಬ್ಬದ ದಿನವೇ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದನ್ನು ಚರ್ಚಿಸಲು ಇಲ್ಲಿ ಸ್ಥಳಾವಕಾಶವಿಲ್ಲ.

ನನ್ನ ತಕರಾರು ಅಳತೆಗೋಲಿನ ಬಗ್ಗೆ. ಸಿನಿಮಾದ ಕ್ರಿಸ್ತರೂಪಿ ನಾಯಕನನ್ನು ಗುರುತಿಸಲು ಆಂಟನ್ ಕಾರ್ಲ್ ಕೊಜ್ಲೊವಿಕ್ ಎಂಬ ವಿದ್ವಾಂಸರು 2004ರಲ್ಲಿ 25 ಲಕ್ಷಣಗಳನ್ನು ಪಟ್ಟಿಮಾಡಿದರು. ಹೊರಗಿನಿಂದ ಬಂದವನು, ಶಿಲುಬೆಯ ಭಂಗಿಯಲ್ಲಿ ಕೈ ಚಾಚಿದವನು ಮುಂತಾದವೆಲ್ಲ ಅದರಲ್ಲಿ ಸೇರಿವೆ. ಕೈ ಚಾಚಿದವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಬೆಂಗಳೂರಿನ ಪ್ರತಿ ಸರ್ಕಲ್ಲಿನ ಟ್ರಾಫಿಕ್ ಪೊಲೀಸರನ್ನೂ ಪೂಜಿಸಬೇಕಾದೀತು. 1995ರಲ್ಲಿ ಆರಂಭವಾದ ಇವ್ಯಾಂಜೆಲಿಯನ್ ಎಂಬ ಜಪಾನೀ ಆನಿಮೆಯ ತುಂಬ ಶಿಲುಬೆಗಳಿವೆ. ನೋಡುವುದಕ್ಕೆ ಚೆನ್ನಾಗಿರುತ್ತದೆಂದು ಬಳಸಿದೆವೆಂದು ಅದರ ಸಹನಿರ್ದೇಶಕ ಕಜುಯಾ ತ್ಸುರುಮಾಕಿಯವರೇ ಹೇಳಿದ್ದಾರೆ.

ಪರರಿಗಾಗಿ ಸತ್ತು ಬದುಕುವುದು ಒಂದೇ ಧರ್ಮದ ಸ್ವತ್ತೂ ಅಲ್ಲ. ಏಳನೆಯ ಶತಮಾನದ ಹರ್ಷನ ನಾಗಾನಂದ ನಾಟಕದಲ್ಲಿ ಗರುಡನಿಗೆ ಬಲಿಯಾಗುವ ಸರದಿ ಶಂಖಚೂಡನೆಂಬ ನಾಗನಿಗೆ ಬಂದಾಗ ವಿದ್ಯಾಧರ ರಾಜಕುಮಾರ ಜೀಮೂತವಾಹನ ಕೆಂಪು ವಸ್ತ್ರ ಹೊದ್ದು, ಅವನ ಬದಲಿಗೆ ತಾನೇ ವಧ್ಯಶಿಲೆಯನ್ನೇರಿ ಗರುಡನಿಗೆ ಆಹಾರವಾಗುತ್ತಾನೆ. ಗರುಡ ಪಶ್ಚಾತ್ತಾಪ ಪಡುತ್ತಾನೆ. ಸತ್ತವನನ್ನು ಗೌರಿ ಬದುಕಿಸುತ್ತಾಳೆ. ಬದಲಿ ಪ್ರಾಣ, ಕಲ್ಲು, ಮರಳಿ ಜೀವ ಎಲ್ಲವೂ ಇಲ್ಲಿವೆ. ನಾಟಕದ ನಾಂದಿ ಮಾತ್ರ ಬುದ್ಧನಿಗೆ ಸಲ್ಲುತ್ತದೆ.

ಸೂಪರ್‌ಮ್ಯಾನ್ 1938ರಲ್ಲಿ ಹುಟ್ಟಿದ್ದು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಯಹೂದಿ ವಲಸಿಗರ ಮಕ್ಕಳ ಕೈಯಲ್ಲಿ. ನಾಶದಿಂದ ಪಾರುಮಾಡಲು ಹೆತ್ತವರೇ ತೇಲಿಬಿಟ್ಟ, ಪರರ ಮನೆಯಲ್ಲಿ ಬೆಳೆದ ಮಗುವೆಂದರೆ ನೆನಪಾಗಬೇಕಾದವನು ಯಹೂದಿಗಳ ಪ್ರವಾದಿ ಮೋಶೆ. ಏಕೈಕ ಪುತ್ರನ ಮಾತು ಬಂದದ್ದು ನಲವತ್ತು ವರ್ಷಗಳ ನಂತರ. 2013ರ ಚಿತ್ರಕ್ಕಂತೂ ಅದನ್ನು ಬಿಡುಗಡೆ ಮಾಡಿದ ಸಂಸ್ಥೆಯೇ ಪಾದ್ರಿಗಳನ್ನು ಪ್ರದರ್ಶನಗಳಿಗೆ ಕರೆದು, ಪ್ರಸಂಗಕ್ಕೆ ಬೇಕಾದ ಟಿಪ್ಪಣಿಗಳನ್ನೂ ಒದಗಿಸಿತ್ತು. ಟಿಕೆಟ್ ಮಾರಾಟಕ್ಕಾಗಿ ಮಾಡಿದ ಏರ್ಪಾಡನ್ನು ಸಂಸ್ಕೃತಿಯ ಆಳದಿಂದ ತಾನಾಗಿ ಉಕ್ಕಿಬಂದದ್ದೆಂದು ಹೇಗೆ ನಂಬುವುದು?

ಐರನ್ ಜೈಂಟ್ ಚಿತ್ರದ ಬಗ್ಗೆಯೂ ಒಂದು ಮಾತು. ಅದಕ್ಕೆ ಆಧಾರವಾದ ಟೆಡ್ ಹ್ಯೂಸ್‌ರ 1968ರ ಪುಸ್ತಕದಲ್ಲಿ ದೈತ್ಯ ಯಾರಿಗಾಗಿಯೂ ಸಾಯುವುದಿಲ್ಲ. ಬಾಹ್ಯಾಕಾಶದಿಂದ ಇಳಿದ ಭೀಕರ ಜಂತುವನ್ನು ಬೆಂಕಿಯ ಪಂದ್ಯದಲ್ಲಿ ಸೋಲಿಸುತ್ತಾನೆ, ಅಷ್ಟೆ. ಕ್ಷಿಪಣಿ ಸೇರಿದ್ದು ಚಿತ್ರದಲ್ಲಿ. ಅದಕ್ಕೆ ಎದುರಾಗುವ ಮುನ್ನ ಕಣ್ಣು ಮುಚ್ಚಿ ಅವನು ಉಚ್ಚರಿಸುವ ಒಂದೇ ಪದ ಸೂಪರ್‌ಮ್ಯಾನ್. ಅದನ್ನು ಅವನು ಕಲಿತದ್ದು ಹೋಗಾರ್ತ್ ಎಂಬ ಹುಡುಗ ತೋರಿಸಿದ ಕಾಮಿಕ್ಸ್ ಪುಸ್ತಕದಿಂದ.