ಇಲಿಗೆ ಮೊದಲೇ ಗೊತ್ತಿತ್ತು

ಬೇಲಿ ಸೊಪ್ಪಿಗೆ ಲಿವರ್ ರಕ್ಷಕನ ಪಟ್ಟ ಕಟ್ಟುವುದು ಫಾರ್ಮಸಿ ಕಾಲೇಜುಗಳಲ್ಲಿ ಉಪ್ಪಿಟ್ಟು ಕೆದಕಿದಷ್ಟೇ ಸಲೀಸು. ಎಲೆ ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿ ಎಥನಾಲ್ ಹಾಕಿ ಸಾರ ಇಳಿಸಿ. 150ರಿಂದ 200 ಗ್ರಾಂ ತೂಗುವ ವಿಸ್ಟರ್ ತಳಿಯ ಇಲಿಗಳನ್ನು ಆರಾರರಂತೆ ಐದು ಗುಂಪು ಮಾಡಿ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬರೀ ವಿಷ, ಒಂದಕ್ಕೆ ಸಿಲಿಮರಿನ್ ಎಂಬ ಹಳೆಯ ಲಿವರ್ ಮದ್ದು, ಉಳಿದೆರಡಕ್ಕೆ ದೇಹತೂಕದ ಕೆ.ಜಿ.ಗೆ 200 ಮತ್ತು 400 ಮಿ.ಗ್ರಾಂ ಸಾರ. ಏಳು ದಿನ ಕುಡಿಸಿ, ಕೊನೆಗೆ ಮೊದಲ ಗುಂಪು ಬಿಟ್ಟು ಉಳಿದವಕ್ಕೆಲ್ಲ ವಿಷವಾಗಿ ಕೆ.ಜಿ.ಗೆ 2 ಗ್ರಾಂ ಪ್ಯಾರಾಸಿಟಮಾಲ್ ಕೊಟ್ಟು, ರಕ್ತ ತೆಗೆದು ಎಸ್‌ಜಿಪಿಟಿ (ಲಿವರ್ ಕೆಟ್ಟರೆ ರಕ್ತದಲ್ಲಿ ಏರುವ ಕಿಣ್ವ) ನೋಡಿ. 200ಕ್ಕಿಂತ 400 ವಾಸಿ, ಸಿಲಿಮರಿನ್‌ಗಿಂತ ಕೂದಲೆಳೆ ಕಮ್ಮಿ. ಹಿರಿಯರ ಮುಂದೆ ಎಲೆಗೂ ಸಂಕೋಚ ಇರುತ್ತದಲ್ಲ.

ಕಿಡ್ನಿ ಬೇಕೇ? ಪ್ಯಾರಾಸಿಟಮಾಲ್ ಜಾಗದಲ್ಲಿ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್, ಎಸ್‌ಜಿಪಿಟಿ ಜಾಗದಲ್ಲಿ ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್. ಮುನ್ನುಡಿ ಅದೇ ಸಾಕು.

ಎಲ್ಲಕ್ಕಿಂತ ಮೆಚ್ಚಬೇಕಾದ್ದು ಇಲಿಯ ದೂರದೃಷ್ಟಿ. ಮುಂದಿನ ವಾರ ವಿಷ ಬೀಳುತ್ತದೆಂದು ಈ ವಾರವೇ ಕಷಾಯ ಶುರು! ಮನುಷ್ಯರು ಮೊದಲು ಮಾತ್ರೆ ನುಂಗಿ ಆಮೇಲೆ ಸೊಪ್ಪು ಹುಡುಕುತ್ತಾರೆ. ಪ್ಯಾರಾಸಿಟಮಾಲ್ ತಾನಾಗಿ ಲಿವರ್ ಸುಡುವುದಿಲ್ಲ. ಸಿವೈಪಿ2ಇ1 ಎಂಬ ಕಿಣ್ವ ಅದರ ಸಣ್ಣ ಪಾಲನ್ನು ವಿಷವಾಗಿಸುತ್ತದೆ, ಲಿವರ್ ಒಳಗೇ ಇರುವ ಗ್ಲುಟಾಥಯೋನ್ ಆ ವಿಷವನ್ನು ಹಿಡಿದು ಕಟ್ಟಿಹಾಕುತ್ತದೆ, ಮಾತ್ರೆ ಮಿತಿ ಮೀರಿದರೆ ಗ್ಲುಟಾಥಯೋನ್ ಬರಿದಾಗುತ್ತದೆ. ವಾರವಿಡೀ ಕುಡಿಸಿದ ಸಾರ ಆ ಕಿಣ್ವವನ್ನೇ ತಡೆದಿದ್ದರೆ ವಿಷ ಹುಟ್ಟಿಯೇ ಇರುವುದಿಲ್ಲ. ಕಳ್ಳ ಬಂದೇ ಇಲ್ಲ, ಕಾವಲುಗಾರನಿಗೆ ಶಾಲು. ವಿಷ ಕೊಟ್ಟು ಕೆಲವು ಗಂಟೆ ಬಿಟ್ಟು ಸಾರ ಕುಡಿಸಿದರೆ ಸತ್ಯ ಸ್ವಲ್ಪ ಹೊರಬಿದ್ದೀತು. ಆದರೆ ಪ್ರಬಂಧ ಒಪ್ಪಿಸುವ ದಿನ ಹತ್ತಿರ ಇರುತ್ತದೆ. ಮಿತಿ ಮೀರಿ ಮಾತ್ರೆ ನುಂಗಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದು ಎನ್-ಅಸಿಟೈಲ್ ಸಿಸ್ಟೀನ್, ಎಂಟು ಗಂಟೆಯೊಳಗೆ ಕೊಟ್ಟರೆ ಉತ್ತಮ. ಅದನ್ನು ಹೋಲಿಕೆಗೆಂದು ಎಲೆಯ ಪಕ್ಕ ಕೂರಿಸುವವರು ಕಮ್ಮಿ.

ಇನ್ನು ಲೆಕ್ಕ. ಇಲಿಯ ಡೋಸನ್ನು ಮನುಷ್ಯರಿಗೆ ಇಳಿಸಲು 6.2ರಿಂದ ಭಾಗಿಸುವುದು ವಾಡಿಕೆ. ಹಾಗೆ 400ರ ಡೋಸನ್ನು ಇಳಿಸಿದರೆ 60 ಕೆ.ಜಿ. ಆಸಾಮಿಗೆ ದಿನಕ್ಕೆ ಸುಮಾರು 3.9 ಗ್ರಾಂ ಸಾರ ಬೇಕು. ಒಣ ಎಲೆಯಲ್ಲಿ ನೂರಕ್ಕೆ ಹತ್ತು ಪಾಲು ಸಾರ ಸಿಕ್ಕರೆ 39 ಗ್ರಾಂ ಒಣಪುಡಿ, ಹಸಿಯದಾದರೆ ದೊಡ್ಡ ಕಟ್ಟೇ ಆಯಿತು. ವಿಷದ ಲೆಕ್ಕವೂ ಅದೇ: 650ರ ಮಾತ್ರೆ 30. ವಾರವಿಡೀ ದಿನಕ್ಕೊಂದು ಕಟ್ಟು ಸೊಪ್ಪು ಮೆದ್ದು, ಕೊನೆಗೆ 30 ಮಾತ್ರೆ ಒಟ್ಟಿಗೆ ನುಂಗುವ ಶಿಸ್ತಿನ ಮನುಷ್ಯನಿಗಾಗಿ ಈ ಸಂಶೋಧನೆ ಕಾದಿದೆ.

ಇಲಿಯನ್ನು ಕೇಳದೆ ನೇರವಾಗಿ ಕುಡಿದವರೂ ಇದ್ದಾರೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡ 6 ಮಂದಿಯ ವಿವರವನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದರು. ಅದು ಅಮೃತಬಳ್ಳಿಯೇ ಅಲ್ಲದಿರಬಹುದು, ಅದರಂತೆ ಕಾಣುವ ಬೇರೆ ಬಳ್ಳಿ ಇರಬಹುದು ಎಂದಿತು ಆಯುಷ್ ಸಚಿವಾಲಯ. ಮರುವರ್ಷ 13 ಕೇಂದ್ರಗಳಿಂದ 43 ರೋಗಿಗಳ ಲೆಕ್ಕ ಬಂತು. ಇಲಿಗಳ ಪ್ರಬಂಧದಲ್ಲಿ ಇಂಥ ಗೊಂದಲವಿಲ್ಲ. ಅಲ್ಲಿ ಬಳ್ಳಿ ಯಾವತ್ತೂ ಅಸಲಿಯೇ.