ಗಾಡಿ ಯಾರು ಓಡಿಸುವುದು, ನೀವಾ?

ಕಾರಿನ ಬ್ಯಾಟರಿಗೆ ವಾರಂಟಿ ಸಿಗುವುದಿಲ್ಲವಂತೆ. ಕಾರ್ಡಿನಲ್ಲಿ ಸೀಲು ಉಂಟು, ತಾರೀಕು ಉಂಟು, ಬಿಲ್ಲೂ ಉಂಟು. ಆದರೂ ಇಲ್ಲವಂತೆ. ತಲೆ ಕುದಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬ್ಯಾಟರಿ ಮಾರಿದ ಅಂಗಡಿಯ ಮನುಷ್ಯ ಮೀಟರ್ ಹಿಡಿದು ನೋಡಿದರು. 11.8 ವೋಲ್ಟ್ ತೋರಿಸಿತು. ತಲೆ ಎತ್ತಿ ಕೇಳಿದ ಮೊದಲ ಪ್ರಶ್ನೆ, "ಗಾಡಿ ಯಾರು ಓಡಿಸುವುದು, ನೀವಾ?" ಹೌದು ಎಂದೆ. "ಹಾಗಾದ್ರೆ ಸರಿ" ಎಂದು ಪಕ್ಕದವರ ಕಡೆ ತಿರುಗಿ ನಕ್ಕರು. ಎಂತ ಸರಿ? ಟಯರ್ ಹಾಕಿಸಲು ಬಂದವರೂ ನಕ್ಕರು. "ನೀರು ಹಾಕ್ಲಿಕ್ಕೆ ಮರೆತಿರ್ತೀರಿ ಮೇಡಂ" ಅಂದರು. ಅದು ಸೀಲ್ ಆದ ಬ್ಯಾಟರಿ. ನೀರು ಹಾಕುವ ಮುಚ್ಚಳವೇ ಇಲ್ಲ. ಬೆರಳಿಟ್ಟು ತೋರಿಸಿದೆ. ನೋಡಲೂ ಇಲ್ಲ. "ಯಜಮಾನ್ರನ್ನು ಕಳಿಸಿ, ಅವ್ರಿಗೆ ಹೇಳಿದ್ರೆ ಅರ್ಥ ಆಗ್ತದೆ" ಅಂದರು. ಕಾರು ನನ್ನ ಹೆಸರಿನಲ್ಲಿದೆ. ಕಂತು ನನ್ನ ಸಂಬಳದಿಂದ ಹೋಗುತ್ತದೆ. ಅದನ್ನು ಹೇಳಬೇಕಿತ್ತು. ಗಂಟಲು ಕಟ್ಟಿ ಬಂತು, ಹೇಳಲಾಗಲಿಲ್ಲ.

ಖಾಲಿಯಾದ ಬ್ಯಾಟರಿ ಬೇರೆ, ಹಾಳಾದ ಬ್ಯಾಟರಿ ಬೇರೆ. ಮೊದಲು ಪೂರ್ತಿ ಚಾರ್ಜ್ ಮಾಡಬೇಕು, ಕೆಲವು ಗಂಟೆ ಬಿಡಬೇಕು. 12.6 ವೋಲ್ಟ್ ನಿಲ್ಲುತ್ತದಾ ನೋಡಬೇಕು, ಆಮೇಲೆ ಲೋಡ್ ಟೆಸ್ಟ್, ಅಂದರೆ ಭಾರ ಹಾಕಿ ತಡೆಯುತ್ತದಾ ಎಂದು ನೋಡುವುದು. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಬರದಿದ್ದರೆ ದೋಷ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರಿನದ್ದೂ ಆಗಿರಬಹುದು. ಇದರಲ್ಲಿ ಒಂದನ್ನೂ ಮಾಡದೆ ಕಸ್ಟಮರ್ ತಪ್ಪು ಎಂದು ಬರೆದು ಕೊಟ್ಟರು.

ಹತ್ತಿರ ಹತ್ತಿರ ಓಡಿಸಿ ಹಾಳು ಮಾಡಿದೆನಂತೆ. ಮಂಗಳೂರಿನ ಬಿಜೈಯಲ್ಲಿ ಮನೆ, ಹತ್ತಿರದ ಹಂಪನಕಟ್ಟೆಯಲ್ಲಿ ಆಫೀಸು. ನಾನೇನು ಮಾಡಲಿ? ಮಾತು ಸುಳ್ಳಲ್ಲ, ಅದೂ ಗೊತ್ತು. ಸ್ಟಾರ್ಟ್ ಮಾಡುವಾಗ ಹೋದ ಚಾರ್ಜ್ ವಾಪಸ್ ತುಂಬಲು ಸ್ವಲ್ಪ ದೂರ ಓಡಬೇಕು. ಮಳೆಗಾಲದಲ್ಲಿ ವೈಪರ್, ಹೆಡ್‌ಲೈಟ್, ಎಸಿ ಎಲ್ಲ ಹಾಕಿಕೊಂಡು ಜಾಮಿನಲ್ಲಿ ನಿಂತರೆ ಎಷ್ಟು ತುಂಬೀತು? ಅರ್ಧ ಚಾರ್ಜಿನಲ್ಲೇ ಇದ್ದರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಪದರ ಗಟ್ಟಿಯಾಗುತ್ತದೆ. ಮತ್ತೆ ಕರಗುವುದು ಕಷ್ಟ. ನಮ್ಮೂರಿನ ಸೆಕೆಗೆ ಒಳಗಿನ ಸವೆತವೂ ಬೇಗ. ಬಿಡಿ, ಎಲ್ಲ ಬ್ಯಾಟರಿಯೂ ಒಂದು ದಿನ ಸಾಯುವುದೇ.

ಆದರೆ ಇದನ್ನೆಲ್ಲ ಮಾರುವಾಗ ಹೇಳಬಾರದಿತ್ತಾ? ಆಗಾಗ ಸುರತ್ಕಲ್ ಕಡೆಗೋ ಉಡುಪಿ ಕಡೆಗೋ ಓಡಿಸಿ, ಇಲ್ಲವೇ ಚಾರ್ಜರ್ ಹಾಕಿ ಎಂದು ಒಂದು ಮಾತು? ಅಂಗಡಿಯಲ್ಲಿ ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಇಟ್ಟರೂ ಅದೇ ಸಲ್ಫೇಟ್ ಕೂರುತ್ತದೆ. ನನಗೆ ಕೊಟ್ಟದ್ದು ಯಾವಾಗ ತಯಾರಾದದ್ದು ಎಂದು ಕೇಳಿದೆ. "ಬ್ಯಾಟರಿ ಮೇಲಿನ ಕೋಡಿನಲ್ಲಿ ಉಂಟು" ಅಂದರು. ಕೋಡ್ ಓದಿ ಹೇಳಿ ಎಂದರೆ ಮುಂದಿನ ಗಿರಾಕಿಯನ್ನು ಕರೆದರು.

ನಾನು ನೋಡಿಕೊಳ್ಳದೆ ಬಿಟ್ಟವಳಲ್ಲ. ಟರ್ಮಿನಲ್ ಮೇಲೆ ಬಿಳಿ ಹುಡಿ ಕಂಡರೆ ನೆಗೆಟಿವ್ ಮೊದಲು ಬಿಚ್ಚಿ, ಅಡುಗೆ ಸೋಡಾದ ನೀರಿನಲ್ಲಿ ಉಜ್ಜಿ, ಒಣಗಿಸಿ ವ್ಯಾಸಲೀನ್ ಹಚ್ಚುತ್ತೇನೆ. ಕ್ಲಾಂಪ್ ಬಿಗಿಯಾಗಿದೆ. ಎಂಜಿನ್ ಬಂದ್ ಮಾಡಿ ಹಾಡು ಕೇಳುವ ಅಭ್ಯಾಸವೂ ಇಲ್ಲ.

ಸುಮ್ನೆ ಹೊಸದು ತಗೊಳ್ಳು ಅಂತಾರೆ ಮನೆಯಲ್ಲಿ. ತಗೊಳ್ಳಬೇಕು, ಬೇರೆ ದಾರಿ ಇಲ್ಲ. ಆದರೆ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವುದಿಲ್ಲ, ಅದೇ ನನ್ನ ಸಾಕ್ಷಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಯ ದೂರಿಗೆ ಶುಲ್ಕ ಇಲ್ಲ. ಅಂಗಡಿಯವರು ಚಾರ್ಜೇ ಮಾಡಿ ನೋಡದೆ ವಾರಂಟಿ ತಿರಸ್ಕರಿಸಿದ್ದಕ್ಕೆ ಯಾರಾದರೂ ಅಲ್ಲಿ ಹೋಗಿದ್ದೀರಾ? ಹೊರಗೆ ಲೋಡ್ ಟೆಸ್ಟ್ ಮಾಡಿಸಿದ ಚೀಟಿ ನಡೆಯುತ್ತದಾ? ದಯವಿಟ್ಟು ಯಾರಾದರೂ ಹೇಳಿ ಮಾರಾಯ್ರೆ.