ಸಾಲು ತಪ್ಪಿಸಲು ಇನ್ನೊಂದು ಸಾಲು

ಆಟಿಸಂ ಇರುವ ಮಗನನ್ನು ಥೀಮ್ ಪಾರ್ಕಿಗೆ ಕರೆದೊಯ್ದರೆ, ಸಾಲಿನಲ್ಲಿ ನಿಲ್ಲಲಾಗದ ಮಕ್ಕಳಿಗೆಂದೇ ಇರುವ ಸೌಲಭ್ಯವನ್ನು ಪಡೆಯಲು ಅನೇಕ ಕಡೆ ಮೊದಲು ಕೌಂಟರಿನ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ, ಅಪರಿಚಿತರೆಲ್ಲರ ಕಿವಿಗೆ ಬೀಳುವಂತೆ, ಅವನಿಂದ ಏನೇನು ಆಗುವುದಿಲ್ಲ ಎಂಬುದನ್ನು ಅವನೆದುರೇ ವಿವರಿಸಬೇಕು. ಅವನಿಗೆ ಮಾತು ಬಾರದೇ ಹೊರತು ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. "ನೋಡಿದರೆ ಹಾಗೇನೂ ಅನ್ನಿಸುವುದಿಲ್ಲವಲ್ಲ" ಎಂಬ ಮಾತು ಬೇರೆ. ವೈದ್ಯರ ಪ್ರಮಾಣಪತ್ರವನ್ನು ಒಂದು ಕಡೆ ಪಟ್ಟು ಹಿಡಿದು ಕೇಳುತ್ತಾರೆ, ಇನ್ನೊಂದು ಕಡೆ ಮುಟ್ಟಿಯೂ ನೋಡುವುದಿಲ್ಲ.

ಇಷ್ಟಾದ ಮೇಲೆ ಸಿಗುವುದು ರಿಯಾಯಿತಿಯೇನಲ್ಲ: ಸಾಲಿನಲ್ಲಿ ಒಂದು ಗಂಟೆ ಕಾಯಬೇಕಿದ್ದರೆ ಸರಿಸುಮಾರು ಅಷ್ಟೇ ಹೊತ್ತು ಬಿಟ್ಟು ಬನ್ನಿರೆಂದು ಸಮಯ ಗೊತ್ತುಮಾಡಿ ಕೊಡುತ್ತಾರೆ, ಆ ಹೊತ್ತನ್ನು ನಾವು ಗದ್ದಲವಿಲ್ಲದ ಮೂಲೆಯೊಂದರಲ್ಲಿ ಕಳೆಯುತ್ತೇವೆ. ಆದರೂ ನೋಡುವವರ ಕಣ್ಣಿಗೆ ನಾವು ನಡುವೆ ನುಗ್ಗಿದವರೇ. ಸುಳ್ಳು ಹೇಳಿ ಸೌಲಭ್ಯ ಪಡೆಯುವವರಿಂದಾಗಿ ನಿಯಮ ಬಿಗಿಯಾಯಿತೆಂಬ ವಾದ ಅರ್ಥವಾಗುತ್ತದೆ. ಅದರ ದಂಡವನ್ನು ನಮ್ಮ ಮಕ್ಕಳು ಏಕೆ ತೆರಬೇಕೆಂಬುದು ಅರ್ಥವಾಗುವುದಿಲ್ಲ. ಆಟ, ಮನರಂಜನೆಗಳಲ್ಲಿ ಅಂಗವಿಕಲ ಮಕ್ಕಳಿಗೂ ಸಮಾನ ಅವಕಾಶವಿರಬೇಕೆಂದು ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆಯ 30ನೇ ವಿಧಿ ಸ್ಪಷ್ಟವಾಗಿಯೇ ಹೇಳುತ್ತದೆ. ಟಿಕೆಟನ್ನು ಮೊಬೈಲಿನಲ್ಲೇ ಮಾರಬಲ್ಲವರು ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳನ್ನೂ ಮುಂಚಿತವಾಗಿ ಅಲ್ಲೇ ಕೇಳಿ ಮುಗಿಸಬಹುದು.